ಭುಜದಲ್ಲಿ ಸುಣ್ಣ ಕಟ್ಟಿದೆ, ಸೂಜಿ ಹಾಕಿ ತೊಳೆಸಿಕೊಳ್ಳಲೇ?

ಪ್ರಶ್ನೆ: ನನಗೆ 47 ವರ್ಷ. ಬೆಂಗಳೂರಿನ ಹನುಮಂತನಗರದಲ್ಲಿದ್ದೇನೆ, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಎಂಟು ತಿಂಗಳಿಂದ ಬಲ ಭುಜ ನೋವು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಕೈ ಏಳುವುದಿಲ್ಲ, ಬಲ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ನೋವು ಶುರುವಾದಾಗ ತೆಗೆಸಿದ ಎಕ್ಸ್-ರೇ ನೋಡಿ, 14 ಮಿಲಿಮೀಟರ್‌ನಷ್ಟು ಕ್ಯಾಲ್ಸಿಯಂ ಕಟ್ಟಿದೆ ಎಂದರು. ಮಾತ್ರೆ ತೆಗೆದುಕೊಂಡೆ, ಹತ್ತು ದಿನ ಕರೆಂಟ್ ಕೊಡಿಸಿಕೊಂಡೆ, ಅರ್ಧದಷ್ಟು ವಾಸಿಯಾಗಿತ್ತು. ಈಗ ಒಂದು ವಾರದಿಂದ ಇದ್ದಕ್ಕಿದ್ದಂತೆ ಜೀವ ಹೋಗುವಂಥ ನೋವು, ರಾತ್ರಿಯೆಲ್ಲ ಕೂತೇ ಇರುತ್ತೇನೆ. ಒಬ್ಬ ಡಾಕ್ಟರು ಕೀಹೋಲ್ ಆಪರೇಷನ್ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಆಪರೇಷನ್ ಬೇಡ, ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ತೊಳೆದರೆ ಸಾಕು ಅನ್ನುತ್ತಾರೆ. ನನಗೆ ಥೈರಾಯ್ಡ್ ಇದೆ, ಅದರ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಎರಡೂ ನಡೆಯುತ್ತಿವೆ. ರಾಗಿ, ಹಾಲು ಬಿಟ್ಟುಬಿಡು ಎಂದು ಅತ್ತೆ ಹೇಳುತ್ತಾರೆ. ಸೂಜಿಯಿಂದ ನಿಜವಾಗಿ ಹೋಗುತ್ತದೆಯೇ? ದಸರಾ ರಜೆಯಲ್ಲಿ ಮಾಡಿಸಿಕೊಳ್ಳಲೇ?

ಉತ್ತರ: "ಒಂದು ವಾರದಿಂದ ಇದ್ದಕ್ಕಿದ್ದಂತೆ" ಅಂತ ಬರೆದಿದ್ದೀರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ನಿಮ್ಮ ಮುಂದಿನ ದಾರಿ ಅದರಲ್ಲೇ ಇರಬಹುದು. ಅದಕ್ಕೇ ಮೊದಲು ಮಾಡಬೇಕಾದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ನಿಗೂ ಈಗಲೇ ಒಪ್ಪಬೇಡಿ, ಸೂಜಿಗೂ ಒಪ್ಪಬೇಡಿ. ಈ ವಾರದಲ್ಲೇ ಭುಜದ ಎಕ್ಸ್-ರೇ ಇನ್ನೊಮ್ಮೆ ತೆಗೆಸಿ. ಎಂಟು ತಿಂಗಳ ಹಿಂದಿನ ಚಿತ್ರ ಇಟ್ಟುಕೊಂಡು ಇವತ್ತಿನ ಭುಜಕ್ಕೆ ಏನು ಮಾಡಬೇಕೆಂದು ತೀರ್ಮಾನಿಸಬಾರದು. ನಾನು ರೇಡಿಯಾಲಜಿಸ್ಟ್, ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕುವುದೇ ನನ್ನ ದಿನದ ಕೆಲಸ. ಸೂಜಿ ಕೈಯಲ್ಲಿ ಹಿಡಿದವನೇ ತಡೆಯಿರಿ ಅನ್ನುತ್ತಿದ್ದೇನೆ ಅಂದರೆ ಅದಕ್ಕೆ ಕಾರಣವಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಭುಜದ ಕೀಲಿನ ಸುತ್ತ ನಾಲ್ಕು ಸ್ನಾಯುಗಳಿವೆ. ಅವುಗಳ ತುದಿಗಳು ಚಪ್ಪಟೆ ಪಟ್ಟಿಗಳಾಗಿ ತೋಳಿನ ಮೂಳೆಯ ತಲೆಗೆ ಅಂಟಿಕೊಂಡಿರುತ್ತವೆ. ಈ ಪಟ್ಟಿಗೆ ಟೆಂಡನ್ ಅನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಸ್ನಾಯುರಜ್ಜು. ನಮ್ಮ ಜನ ಅದನ್ನೂ "ನರ" ಅಂತಲೇ ಕರೆಯುತ್ತಾರೆ. "ಡಾಕ್ಟ್ರೇ, ಭುಜದ ನರ ಹಿಡ್ಕೊಂಡಿದೆ" ಎಂದು ಬರುವವರಲ್ಲಿ ಬಹುಪಾಲು ಜನರಿಗೆ ನರ ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಈ ಹಗ್ಗದಲ್ಲಿ. ನಾಲ್ಕರಲ್ಲಿ ಮೇಲ್ಗಡೆಯದು ಸುಪ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತಲು ನೆರವಾಗುವುದು ಅದೇ, ಸುಣ್ಣ ಹೆಚ್ಚಾಗಿ ಕಟ್ಟುವುದೂ ಅದರಲ್ಲೇ. ಮೂಳೆಗೆ ಅಂಟುವ ಜಾಗಕ್ಕಿಂತ ಒಂದು, ಒಂದೂವರೆ ಸೆಂಟಿಮೀಟರ್ ಈಚೆಗೆ. ಈ ಹಗ್ಗದ ಮೇಲೆ ಭುಜದ ಮೂಳೆ ಸೂರಿನಂತೆ ಚಾಚಿಕೊಂಡಿದೆ. ಸೂರಿಗೂ ಹಗ್ಗಕ್ಕೂ ನಡುವೆ ಜಾರಲು ಅನುಕೂಲವಾಗುವ ತೆಳು ಚೀಲವೊಂದಿದೆ, ಅದರ ಹೆಸರು ಬರ್ಸಾ. ಹಗ್ಗದ ಒಳಗೆ ಗಂಟು ಕಟ್ಟಿದರೆ ಕೈ ಎತ್ತುವಾಗ ಅದು ಸೂರಿನ ಕೆಳಗೆ ತಗಲುತ್ತದೆ. ಬೋರ್ಡಿನ ಮೇಲ್ಭಾಗಕ್ಕೆ ನಿಮ್ಮ ಕೈ ಏಳದಿರುವುದು ಇದರಿಂದ.

ಗಂಟಾಗುವ ವಸ್ತು ಹೈಡ್ರಾಕ್ಸಿಅಪಟೈಟ್, ನಮ್ಮ ಮೂಳೆಯಲ್ಲೂ ಹಲ್ಲಿನಲ್ಲೂ ಇರುವ ಖನಿಜವೇ. ಸುಣ್ಣ ಅಂದಾಕ್ಷಣ ಎಲೆಅಡಿಕೆಯ ಸುಣ್ಣವೋ, ಊಟದಲ್ಲಿ ಬಂದ ಕ್ಯಾಲ್ಸಿಯಮ್ಮೋ ರಕ್ತದಲ್ಲಿ ಹರಿದು ಬಂದು ಅಲ್ಲಿ ಕೂತಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಇಂಥವರ ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಹಗ್ಗದೊಳಗಿನ ಕೆಲವು ಜೀವಕೋಶಗಳು ತಮ್ಮ ಸ್ವರೂಪ ಬದಲಿಸಿ ಮೆದುಮೂಳೆಯ ಕೋಶಗಳಂತಾಗುತ್ತವೆ, ಕ್ಯಾಲ್ಸಿಯಂ ಕೂಡಿಹಾಕುವುದು ಅವೇ. ತಟ್ಟೆಯಲ್ಲಿ ಏನಿತ್ತು ಎಂಬುದಕ್ಕೂ ಇದಕ್ಕೂ ನಂಟಿಲ್ಲ. ಆದ್ದರಿಂದ ನಿಮ್ಮ ಅತ್ತೆಯವರಿಗೆ ದಯವಿಟ್ಟು ಹೇಳಿ, ಮುದ್ದೆ ಬಿಡಬೇಕಾಗಿಲ್ಲ, ಹಾಲು ಮೊಸರು ಬಿಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುಟ್ಟು ನಿಲ್ಲುವ ವಯಸ್ಸಿಗೆ ಬಂದ ಹೆಂಗಸರು ಭುಜದ ಭಯಕ್ಕೆ ಅದನ್ನು ಬಿಟ್ಟರೆ ಭುಜಕ್ಕೆ ಕಿಂಚಿತ್ತೂ ಲಾಭವಿಲ್ಲ, ಸೊಂಟದ ಮೂಳೆಗೆ ಮಾತ್ರ ನಷ್ಟ. ಕಿಡ್ನಿ ಕಲ್ಲಿಗೆ ಬಾಳೆದಿಂಡು ತಿನ್ನುವವರು ಇದಕ್ಕೂ ತಿನ್ನಬಹುದೇ ಎಂದು ಕೇಳುತ್ತಾರೆ. ಪಲ್ಯ ರುಚಿಯಾಗಿರುತ್ತದೆ, ತಿನ್ನಲಿ, ಆದರೆ ಭುಜದ ಗಂಟಿನ ತನಕ ಅದರ ಕೆಲಸ ಬರುವುದಿಲ್ಲ.

ಥೈರಾಯ್ಡ್ ವಿಚಾರ ಬೇರೆ. ಥೈರಾಯ್ಡ್ ತೊಂದರೆ ಇರುವ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಭುಜದ ಈ ತೊಂದರೆ ಹೆಚ್ಚಾಗಿ ಕಾಣುವುದು ನಿಜ. ಕಾರಣ ಪೂರ್ತಿ ಬಿಡಿಸಿಕೊಂಡಿಲ್ಲ, ಸಂಬಂಧವಂತೂ ಇದೆ. ವಯಸ್ಸು ಸಾಮಾನ್ಯವಾಗಿ 30ರಿಂದ 60ರ ಒಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಇನ್ನು ಮುಖ್ಯವಾದ ಮಾತು. ಈ ಸುಣ್ಣ ಬರುತ್ತದೆ, ಕೂರುತ್ತದೆ, ಆಮೇಲೆ ಬಹಳಷ್ಟು ಜನರಲ್ಲಿ ತಾನಾಗಿಯೇ ಹೋಗುತ್ತದೆ. ಕೆನಡಾದ ಉಥಾಫ್ ಎಂಬ ವೈದ್ಯರು ಈ ಹಂತಗಳನ್ನು ಬಿಡಿಸಿ ತೋರಿಸಿದರು. ಮೊದಲು ಕಟ್ಟುವ ಹಂತ. ಆಮೇಲೆ ಸುಮ್ಮನೆ ಕೂತಿರುವ ಹಂತ, ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಬಹುದು. ಆಗ ಗಂಟು ಸೀಮೆಸುಣ್ಣದ ಹಾಗೆ ಗಟ್ಟಿ, ನೋವು ಅಷ್ಟಕ್ಕಷ್ಟೆ, ಕೆಲವರಿಗೆ ನೋವೇ ಇರುವುದಿಲ್ಲ. 1941ರಲ್ಲಿ ಅಮೆರಿಕದ ಬಾಸ್‌ವರ್ತ್ ಎಂಬ ವೈದ್ಯರು 6,061 ನೌಕರರ ಭುಜಗಳನ್ನು ಪರೀಕ್ಷಿಸಿ ಪ್ರಕಟಿಸಿದಾಗ ನೂರಕ್ಕೆ 2.7 ಜನರಲ್ಲಿ ಸುಣ್ಣ ಕಂಡಿತ್ತು, ಅವರಲ್ಲಿ ಎಷ್ಟೋ ಜನರಿಗೆ ಭುಜದ ತೊಂದರೆಯೇ ಇರಲಿಲ್ಲ.

ಮೂರನೆಯದು ಕರಗುವ ಹಂತ. ಒಂದು ದಿನ ದೇಹಕ್ಕೆ ಈ ಗಂಟು ಬೇಡವೆನಿಸುತ್ತದೆ ಅಂತಿಟ್ಟುಕೊಳ್ಳಿ. ಗಂಟಿನ ಸುತ್ತ ಹೊಸ ರಕ್ತನಾಳಗಳು ಬರುತ್ತವೆ, ಕಸ ತಿನ್ನುವ ಜೀವಕೋಶಗಳು ಬಂದು ಸುಣ್ಣವನ್ನು ಒಡೆದು ತಿನ್ನತೊಡಗುತ್ತವೆ. ಗಟ್ಟಿ ಇದ್ದದ್ದು ಟೂತ್‌ಪೇಸ್ಟಿನ ಹಾಗೆ ಮೆತ್ತಗಾಗುತ್ತದೆ. ಊತ ಬರುತ್ತದೆ, ಬಿಗಿದ ಹಗ್ಗದೊಳಗೆ ಒತ್ತಡ ಏರುತ್ತದೆ, ಒಂದಷ್ಟು ಸುಣ್ಣ ಸೋರಿ ಬರ್ಸಾ ಚೀಲಕ್ಕೂ ಇಳಿದು ಅಲ್ಲಿ ಉರಿ ಎಬ್ಬಿಸುತ್ತದೆ. ಈ ಕಾಯಿಲೆಯ ಅತಿ ಘೋರ ನೋವು ಬರುವುದು ಆಗಲೇ, ಅಂದರೆ ವಾಸಿಯಾಗಲು ಶುರುವಾದಾಗ. ಹೆರಿಗೆ ನೋವನ್ನು ಕಂಡ ಹೆಂಗಸರು ಅದಕ್ಕಿಂತ ಇದೇ ಹೆಚ್ಚು ಎಂದು ನನ್ನ ಮುಂದೆ ಕೂತು ಅತ್ತಿದ್ದಾರೆ. ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಒಳಗೆ ಬರುತ್ತಾರೆ, ಆಟೋ ಒಂದೊಂದು ಹಂಪ್ ಹತ್ತಿದಾಗಲೂ ಕಿರುಚಿಕೊಂಡೆ ಅನ್ನುತ್ತಾರೆ. ಹೆಚ್ಚಿನವರಿಗೆ ಈ ಉಗ್ರ ನೋವು ಎರಡು ಮೂರು ವಾರದಲ್ಲಿ ಇಳಿಮುಖವಾಗುತ್ತದೆ. ಆಮೇಲೆ ಖಾಲಿಯಾದ ಜಾಗದಲ್ಲಿ ಹಗ್ಗ ತನ್ನನ್ನು ತಾನೇ ಮತ್ತೆ ಹೆಣೆದುಕೊಳ್ಳುತ್ತದೆ.

ಮಾಗಡಿ ರಸ್ತೆ ಕಡೆಯ ಟೈಲರ್ ಒಬ್ಬರು, ಐವತ್ತರ ಆಸುಪಾಸಿನವರು, ಸೂಜಿ ಹಾಕಿಸಿಕೊಳ್ಳಲೆಂದೇ ನನ್ನ ಬಳಿ ಬಂದಿದ್ದರು. ಕೈಯಲ್ಲಿ ಆರು ತಿಂಗಳ ಹಳೆಯ ಎಕ್ಸ್-ರೇ, ಕಡಲೆಬೀಜದಷ್ಟು ದೊಡ್ಡ ಬಿಳಿ ಗಂಟು, ಅಂಚು ಗೆರೆ ಎಳೆದಂತೆ ಸ್ಪಷ್ಟ. ಒಂದು ತಿಂಗಳ ಹಿಂದೆ ಮೂರು ರಾತ್ರಿ ನಿದ್ದೆಯಿಲ್ಲದೆ ಒದ್ದಾಡಿದ್ದರು, ಈಗ ನೋವು ಕಡಿಮೆ, ಆದರೂ "ಗಂಟು ಇದೆಯಲ್ಲ ಸಾರ್, ತೆಗೆದುಬಿಡಿ" ಅಂದರು. ಮಲಗಿಸಿ ಸ್ಕ್ಯಾನ್ ಇಟ್ಟು ನೋಡಿದರೆ ಗಂಟು ಕಾಣುತ್ತಿಲ್ಲ. ಅನುಮಾನ ಬೇಡವೆಂದು ಹೊಸ ಎಕ್ಸ್-ರೇ ತೆಗೆಸಿದೆವು. ಹಗ್ಗದಲ್ಲಿ ಎರಡು ಮೂರು ಬಿಳಿ ಚುಕ್ಕೆ ಬಿಟ್ಟರೆ ಏನೂ ಇಲ್ಲ. ಆ ಮೂರು ರಾತ್ರಿಯಲ್ಲಿ ಅವರ ದೇಹವೇ ಕೆಲಸ ಮುಗಿಸಿತ್ತು. ಹಳೆಯ ಚಿತ್ರ ನಂಬಿ ಯಾರಾದರೂ ಅವರಿಗೆ ಆಪರೇಷನ್ ಮಾಡಿದ್ದರೆ, ಇಲ್ಲದ ಗಂಟನ್ನು ಹುಡುಕುತ್ತಿದ್ದರು.

ನಿಮ್ಮ ಒಂದು ವಾರದ ನೋವು ಇದೇ ಇರಬಹುದು ಎಂಬುದು ನನ್ನ ಅನುಮಾನ. ಆದರೆ ಪತ್ರ ಓದಿ ಖಚಿತವಾಗಿ ಹೇಳುವಂತಿಲ್ಲ. ಜ್ವರವಿದ್ದರೆ, ಚಳಿ ಬಂದರೆ, ಭುಜ ಕೆಂಪಾಗಿ ಬಿಸಿಯಾಗಿ ಊದಿಕೊಂಡಿದ್ದರೆ ಎಕ್ಸ್-ರೇಗೂ ಕಾಯದೆ ಆಸ್ಪತ್ರೆಗೆ ಹೋಗಿ. ಕೀಲಿನಲ್ಲಿ ಕೀವಾದರೂ ನೋವು ಹೀಗೇ ಬರುತ್ತದೆ, ಅದಕ್ಕೆ ಒಂದು ದಿನದ ತಡವೂ ಸಲ್ಲದು. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಭುಜ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದರೆ ಅದು ಭುಜದ ಕಾಯಿಲೆಯಲ್ಲ, ಹೃದಯದ್ದೆಂದೇ ತಿಳಿದು ಓಡಿ.

ಎಕ್ಸ್-ರೇ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ಈಗ ಭುಜ ನೋವೆಂದರೆ ನೇರ ಎಂ.ಆರ್.ಐ.ಗೆ ಬರೆದುಕೊಡುವುದು ರೂಢಿಯಾಗಿದೆ. ಸಾವಿರಾರು ರೂಪಾಯಿ ಸುರಿದು ತೆಗೆಸಿದ ಫಿಲ್ಮ್ ತರುತ್ತಾರೆ, ಸಾದಾ ಎಕ್ಸ್-ರೇ ಇರುವುದೇ ಇಲ್ಲ. ಎಂ.ಆರ್.ಐ.ನಲ್ಲಿ ಕ್ಯಾಲ್ಸಿಯಂ ಕಪ್ಪಾಗಿ ಕಾಣುತ್ತದೆ, ಟೆಂಡನ್ ಕೂಡ ಕಪ್ಪೇ. ಕಪ್ಪಿನೊಳಗಿನ ಕಪ್ಪು ಸುಲಭವಾಗಿ ಕಣ್ತಪ್ಪುತ್ತದೆ. ಕರಗುವ ಹಂತದಲ್ಲಂತೂ ಸುತ್ತಲಿನ ಊತ ನೋಡಿ ಟೆಂಡನ್ ಹರಿದಿದೆ, ಸೋಂಕಾಗಿದೆ ಎಂಬ ವರದಿ ಬಂದುಬಿಡುವುದೂ ಉಂಟು. ಈ ಕಾಯಿಲೆಗೆ ಸಾದಾ ಎಕ್ಸ್-ರೇಯೇ ಮೊದಲ ಪರೀಕ್ಷೆ. ಒಂದು ಚಿತ್ರ ಸಾಲದು. ಕೈಯನ್ನು ಒಳಕ್ಕೆ ತಿರುಗಿಸಿ ಒಂದು, ಹೊರಕ್ಕೆ ತಿರುಗಿಸಿ ಒಂದು ತೆಗೆಸಬೇಕು, ಇಲ್ಲವಾದರೆ ಮೂಳೆಯ ನೆರಳಿನ ಹಿಂದೆ ಗಂಟು ಅಡಗಿಕೊಳ್ಳುತ್ತದೆ. ಅಂಚು ಸ್ಪಷ್ಟವಾಗಿ, ಒಳಗೆ ಒತ್ತಾದ ಬಿಳುಪಿದ್ದರೆ ಗಟ್ಟಿ ಹಂತ. ಮೋಡದ ಹಾಗೆ ಮಬ್ಬಾಗಿ, ಅಂಚು ಕರಗಿದಂತಿದ್ದರೆ ಮೆತ್ತಗಾಗುತ್ತಿದೆ ಎಂದು ಅರ್ಥ. ಆಮೇಲೆ ಅಲ್ಟ್ರಾಸೌಂಡ್. ಗಟ್ಟಿ ಗಂಟಿನ ಹಿಂದೆ ಕಪ್ಪು ನೆರಳು ಬೀಳುತ್ತದೆ, ಮೆತ್ತಗಿನದಕ್ಕೆ ಅಂಥ ನೆರಳಿರುವುದಿಲ್ಲ. ಅಲ್ಲೇ ಟೆಂಡನ್ ಹರಿದಿದೆಯೇ ಎಂಬುದನ್ನೂ ನೋಡಬಹುದು.

ಈಗ ಸೂಜಿಯ ವಿಷಯ. ನಿಮ್ಮ ಚೀಟಿಯಲ್ಲಿ ಬಾರ್ಬೊಟಾಜ್ ಎಂದು ಬರೆದಿರಬಹುದು, ಕೆಲವರು ಲವಾಜ್ ಅನ್ನುತ್ತಾರೆ. ಹೇಗೆ ನಡೆಯುತ್ತದೆ ಎಂದು ಕಣ್ಣಿಗೆ ಕಟ್ಟುವಂತೆ ಹೇಳಿದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ.

ಬಿ.ಎಂ.ಟಿ.ಸಿ. ಕಂಡಕ್ಟರ್ ಒಬ್ಬರಿಗೆ ಮಾಡಿದ್ದು ನೆನಪಾಗುತ್ತದೆ. ಬಸ್ಸಿನೊಳಗೆ ದಿನವಿಡೀ ಮೇಲಿನ ಕಂಬಿ ಹಿಡಿಯಬೇಕಾದ ಕೆಲಸ, ಒಂದೂವರೆ ವರ್ಷದಿಂದ ಎಡಗೈಯಲ್ಲೇ ಹಿಡಿಯುತ್ತಿದ್ದರು. ಅಂಗಾತ ಮಲಗಿಸಿದೆವು. ಇದನ್ನು ಕೂತುಕೊಂಡು ಮಾಡಿಸಿಕೊಳ್ಳಬಾರದು, ಸೂಜಿ ನೋಡಿ ತಲೆ ಸುತ್ತಿ ಬೀಳುವವರಿರುತ್ತಾರೆ. ಭುಜವನ್ನು ಔಷಧಿ ಹಚ್ಚಿ ಶುದ್ಧ ಮಾಡಿ, ಹಸಿರು ಬಟ್ಟೆ ಹೊದಿಸಿ, ತೆಳು ಸೂಜಿಯಿಂದ ಚರ್ಮಕ್ಕೂ ಒಳಗಿನ ಬರ್ಸಾ ಚೀಲಕ್ಕೂ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟೆ. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ. ಎರಡು ನಿಮಿಷ ಬಿಟ್ಟು ದಪ್ಪ ಸೂಜಿ. ಪರದೆಯ ಮೇಲೆ ಸೂಜಿ ಬೆಳ್ಳಿಯ ಗೆರೆಯಂತೆ ಓರೆಯಾಗಿ ಇಳಿಯುವುದು ಕಾಣುತ್ತದೆ, ಗಂಟಿನ ಚಿಪ್ಪಿಗೆ ತಗುಲಿದಾಗ ಕೈಗೆ ಗೊತ್ತಾಗುತ್ತದೆ, ಒಣಗಿದ ಮಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಕರಕರ. ಗಂಟಿನ ನಡುವಿಗೆ ತುದಿ ಹೋದ ಮೇಲೆ ಸಿರಿಂಜಿನಿಂದ ಸಲೈನ್ ನೀರನ್ನು ಮೆಲ್ಲಗೆ ಒತ್ತಿ, ಬಿಡಬೇಕು. ಒತ್ತಿ, ಬಿಡಬೇಕು. ಮೊದಲ ಏಳೆಂಟು ಸಲ ಏನೂ ಬರಲಿಲ್ಲ, ಅವರು ಮೇಲಿನ ಫ್ಯಾನ್ ನೋಡುತ್ತಾ ಸುಮ್ಮನಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಸಿರಿಂಜಿನೊಳಗೆ ಹೊಗೆ ಎದ್ದ ಹಾಗೆ ಬಿಳಿ ನೀರು ನುಗ್ಗಿತು. ಅಕ್ಕಿ ತೊಳೆದ ನೀರಿನ ಬಣ್ಣ. ಸಿರಿಂಜ್ ಬದಲಿಸಿ ಬದಲಿಸಿ ನೀರು ತಿಳಿಯಾಗುವವರೆಗೂ ತೊಳೆದೆವು. ಮೊದಲ ಸಿರಿಂಜನ್ನು ಅಲುಗಿಸದೆ ನಿಲ್ಲಿಸಿಟ್ಟಿದ್ದೆ, ಮುಗಿಯುವಷ್ಟರಲ್ಲಿ ತಳದಲ್ಲಿ ಬೆರಳಗಲ ಬಿಳಿ ಗಸಿ ಕೂತಿತ್ತು. ಅವರು ಎದ್ದು ಕೂತು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟಕ್ಕಾ ಸಾರ್" ಅಂದರು, ಕಣ್ಣಲ್ಲಿ ನೀರಿತ್ತು.

ಕೊನೆಗೆ ಬರ್ಸಾ ಚೀಲಕ್ಕೆ ಸ್ವಲ್ಪ ಸ್ಟೀರಾಯ್ಡ್ ಕೊಟ್ಟು, ಸೂಜಿ ತೆಗೆದು, ಪ್ಲಾಸ್ಟರ್ ಅಂಟಿಸಿದರೆ ಮುಗಿಯಿತು. ಒಟ್ಟು ಅರ್ಧ ಗಂಟೆ, ಗಂಟು ಹಟ ಮಾಡಿದರೆ ಇನ್ನೊಂದು ಹತ್ತು ನಿಮಿಷ. ಹೊಲಿಗೆ ಇಲ್ಲ, ಪೂರ್ತಿ ಅನಸ್ತೇಷಿಯಾ ಇಲ್ಲ, ಅದೇ ದಿನ ಮನೆಗೆ. ಕೆಲವರು ಒಂದು ಸೂಜಿಯಲ್ಲಿ ಮಾಡುತ್ತಾರೆ, ಕೆಲವರು ಎರಡು ಸೂಜಿ ಇಟ್ಟು ಒಂದರಿಂದ ನೀರು ಬಿಟ್ಟು ಇನ್ನೊಂದರಿಂದ ಹೊರತೆಗೆಯುತ್ತಾರೆ. ಅದು ಮಾಡುವವರ ಕೈ ಅಭ್ಯಾಸ, ನೀವು ತಲೆ ಕೆಡಿಸಿಕೊಳ್ಳಬೇಡಿ. ನೀರನ್ನು 42 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ ಬಳಸಿದರೆ ಸುಣ್ಣ ಬೇಗ ಕರಗುತ್ತದೆ, ಆಮೇಲಿನ ಬರ್ಸಾ ಉರಿಯೂ ಕಡಿಮೆ ಎಂದು ಇಟಲಿಯ ವೈದ್ಯರು 462 ಜನರಲ್ಲಿ ಹೋಲಿಸಿ 2012ರಲ್ಲಿ ತೋರಿಸಿದ್ದಾರೆ. ನಾನು ಅಂದಿನಿಂದ ಬೆಚ್ಚಗಿನ ನೀರನ್ನೇ ಬಳಸುತ್ತೇನೆ.

ಎಲ್ಲ ಸುಣ್ಣವೂ ಹೊರಗೆ ಬರಬೇಕೆಂದಿಲ್ಲ. ಚಿಪ್ಪಿಗೆ ತೂತು ಬಿದ್ದು ಒಳಗಿನ ಒತ್ತಡ ಇಳಿದರೆ, ಉಳಿದದ್ದನ್ನು ದೇಹ ಮುಂದಿನ ವಾರಗಳಲ್ಲಿ ತಾನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ "ಪೂರ್ತಿ ತೆಗೆಯಿರಿ" ಎಂದು ಒತ್ತಾಯ ಮಾಡಬೇಡಿ, ಒಂದೇ ಟೆಂಡನ್ನಿಗೆ ಹತ್ತಾರು ಕಡೆ ಚುಚ್ಚುವುದು ಒಳ್ಳೆಯದಲ್ಲ.

ಮೊದಲ ಎರಡು ಮೂರು ದಿನ ನೋವು ಹೆಚ್ಚಾಗಬಹುದು, ಅದಕ್ಕೆ ಐಸ್ ಮತ್ತು ಮಾತ್ರೆ. ಎರಡು ವಾರ ಭಾರ ಎತ್ತಬಾರದು. ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್, ಟೆರೇಸಿನ ಮೇಲೆ ಒದ್ದೆ ಬೆಡ್‌ಶೀಟ್ ಒಣಹಾಕುವುದು, ಎಲ್ಲ ಮನೆಯವರಿಗೆ ಬಿಡಿ. ಹಾಗೆಂದು ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಕೂರಲೂಬಾರದು. ಮುಂದಕ್ಕೆ ಬಾಗಿ ಕೈಯನ್ನು ಬಾವಿಗೆ ಇಳಿಬಿಟ್ಟ ಕೊಡದಂತೆ ಸಡಿಲ ಬಿಟ್ಟು ನಿಧಾನವಾಗಿ ತೂಗುವ ವ್ಯಾಯಾಮವನ್ನು ಮರುದಿನದಿಂದಲೇ ಶುರು ಮಾಡಬಹುದು. ಕೆಲವರಿಗೆ ಎರಡು ಮೂರು ತಿಂಗಳ ಹೊತ್ತಿಗೆ ನೋವು ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಡಾಕ್ಟರು ಮೋಸ ಮಾಡಿದರು" ಅನ್ನಿಸುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಸಾಮಾನ್ಯವಾಗಿ ಅದೂ ಇಳಿಯುತ್ತದೆ. ಸೋಂಕು ತೀರಾ ಅಪರೂಪ, ಆದರೆ ಜ್ವರ ಬಂದರೆ ತಡಮಾಡದೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ಪರೀಕ್ಷಿಸಿಕೊಳ್ಳುತ್ತಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

"ನಿಜವಾಗಿ ಹೋಗುತ್ತದೆಯೇ" ಎಂದು ಕೇಳಿದ್ದೀರಿ. ಸುಣ್ಣ ಹೋಗುತ್ತದೆ, ಹೆಚ್ಚಿನವರಲ್ಲಿ ಪೂರ್ತಿಯಾಗಿ ಅಥವಾ ಬಹುಪಾಲು ಹೋಗುತ್ತದೆ. ನೋವಿನ ಲೆಕ್ಕ ಮಾತ್ರ ಅಷ್ಟು ಸರಳವಲ್ಲ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2009ರಲ್ಲಿ ಇಟಲಿಯಿಂದಲೇ ಬಂದ ಒಂದು ಅಧ್ಯಯನದಲ್ಲಿ ಸೂಜಿ ಹಾಕಿಸಿಕೊಂಡ 219 ಜನರನ್ನು, ಹಾಕಿಸಿಕೊಳ್ಳದ 68 ಜನರೊಂದಿಗೆ ಹೋಲಿಸಿದರು. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಒಂದು ವರ್ಷಕ್ಕೆ ಹಾಕಿಸಿಕೊಂಡವರೇ ಮೇಲು. ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ನೋಡಿದರೆ ಎರಡೂ ಗುಂಪು ಸಮ. ಅಂದರೆ ಸೂಜಿ ವಾಸಿಯಾಗುವ ದಿನವನ್ನು ಹತ್ತಿರ ತಂದಿತು, ದಾರಿ ಒಂದೇ. ಅಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ, ಆ ಕೊರತೆ ಇತ್ತು. 2023ರಲ್ಲಿ ನಾರ್ವೆ ಮತ್ತು ಸ್ವೀಡನ್ ವೈದ್ಯರು ಆ ಕೊರತೆ ತುಂಬಿದರು. ಮೂರು ತಿಂಗಳಿಗಿಂತ ಹೆಚ್ಚು ನೋವಿದ್ದ 220 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ನಿಜವಾದ ತೊಳೆತ ಮತ್ತು ಸ್ಟೀರಾಯ್ಡ್, ಇನ್ನೊಂದಕ್ಕೆ ತೊಳೆದಂತೆ ತೋರಿಸಿ ಸ್ಟೀರಾಯ್ಡ್ ಮಾತ್ರ, ಮೂರನೆಯದಕ್ಕೆ ತೋರಿಕೆಯ ತೊಳೆತ ಮಾತ್ರ. ಯಾರಿಗೆ ಯಾವುದು ಎಂದು ರೋಗಿಗೆ ಗೊತ್ತಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಮೂರು ಗುಂಪಿನ ನಡುವೆ ಗಮನಿಸುವಂಥ ವ್ಯತ್ಯಾಸವಿರಲಿಲ್ಲ. ಸ್ಟೀರಾಯ್ಡ್ ಸಿಕ್ಕ ಎರಡು ಗುಂಪಿಗೂ ಮೊದಲ ಕೆಲವು ವಾರ ಹೆಚ್ಚು ಆರಾಮ ಸಿಕ್ಕಿತ್ತು, ಅಷ್ಟೆ.

ಆ ಫಲಿತಾಂಶ ಓದಿದ ದಿನ ನನ್ನ ಕೆಲಸದ ರೀತಿ ಬದಲಾಯಿತು. ಮೊದಲೆಲ್ಲ ಗಂಟು ಕಂಡರೆ ಮಾಡೋಣ ಅನ್ನುತ್ತಿದ್ದೆ. ಈಗ ಆರಿಸುತ್ತೇನೆ. ಆರು ತಿಂಗಳು ಸರಿಯಾದ ವ್ಯಾಯಾಮ ಮಾಡಿಯೂ ನಿದ್ದೆಗೆಡಿಸುವ ನೋವಿದ್ದು, ಗಂಟು ದೊಡ್ಡದಾಗಿ ನೋವಿನ ಜಾಗಕ್ಕೇ ಹೊಂದಿಕೊಂಡಿದ್ದರೆ, ಕರಗುವ ಲಕ್ಷಣ ಕಾಣದಿದ್ದರೆ, ಸೂಜಿ ನ್ಯಾಯವಾದ ಆಯ್ಕೆ ಎಂದು ಇಂದಿಗೂ ನಂಬುತ್ತೇನೆ. ಮೆತ್ತಗಾಗಿ ಒತ್ತಡದಿಂದ ಸಿಡಿಯುತ್ತಿರುವ ಗಂಟಿಗೂ ಹಾಕುತ್ತೇನೆ, ಅಲ್ಲಿ ಮೊಸರು ಚಿಮ್ಮಿದ ಹಾಗೆ ಸುಣ್ಣ ತಾನಾಗಿ ಸಿರಿಂಜಿಗೆ ಬರುತ್ತದೆ. ಕಾಯುವ ಎರಡು ಮೂರು ವಾರ ರೋಗಿಗೆ ಸಾಧ್ಯವೇ ಇಲ್ಲವೆಂದಾದರೆ ಮಾತ್ರ. ಸುಮ್ಮನೆ ಎಕ್ಸ್-ರೇಯಲ್ಲಿ ಬಿಳಿ ಕಂಡಿತೆಂದು ಹಾಕುವುದಿಲ್ಲ.

ಆಪರೇಷನ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಎರಡು ಮೂರು ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಗಂಟು ಕೆರೆದು ತೆಗೆಯುತ್ತಾರೆ, ಚೆನ್ನಾಗಿಯೇ ಆಗುತ್ತದೆ. ಆದರೆ ಅನಸ್ತೇಷಿಯಾ ಬೇಕು, ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು, ಭುಜ ಬಿಗಿದುಕೊಳ್ಳುವ ಸಾಧ್ಯತೆ ಇದೆ. ಉಳಿದದ್ದೆಲ್ಲ ಕೈಕೊಟ್ಟ ಮೇಲೆ ಅದರ ಸರದಿ. ಟೆಂಡನ್ ದೊಡ್ಡದಾಗಿ ಹರಿದಿದ್ದರೆ ಮಾತು ಬೇರೆ. ಶಾಕ್‌ವೇವ್ ಎಂಬ ಇನ್ನೊಂದಿದೆ, ಕಿಡ್ನಿ ಕಲ್ಲು ಒಡೆಯುವ ವಿಧಾನದ ತಮ್ಮ ಎನ್ನಬಹುದು. ವಾರಕ್ಕೊಂದರಂತೆ ಮೂರು ನಾಲ್ಕು ಸಲ ಹೋಗಬೇಕು. ಹೆಚ್ಚು ಶಕ್ತಿಯ ಯಂತ್ರವಾದರೆ ಫಲವಿದೆ, ಅದು ನೋಯುತ್ತದೆ ಕೂಡ. ಸೂಜಿಗೆ ಹೆದರುವವರಿಗೆ ಒಳ್ಳೆಯ ದಾರಿ.

ಹತ್ತು ದಿನ ಕರೆಂಟ್ ಕೊಡಿಸಿಕೊಂಡೆ ಎಂದಿದ್ದೀರಿ. ನೊಂದುಕೊಳ್ಳಬೇಡಿ, ಅದನ್ನು ನಾನು ಫಿಸಿಯೋಥೆರಪಿ ಎಂದು ಲೆಕ್ಕ ಹಿಡಿಯುವುದಿಲ್ಲ. ಪ್ಯಾಡ್ ಅಂಟಿಸಿಕೊಂಡು ಮಲಗಿದರೆ ಆ ಹೊತ್ತಿಗೆ ಹಿತವಾಗುತ್ತದೆ. ಭುಜ ವಾಸಿಯಾಗುವುದು ಬೆನ್ನಿನ ಮೇಲ್ಭಾಗದಲ್ಲಿರುವ ಭುಜದ ಚಪ್ಪಟೆ ಎಲುಬನ್ನು ಹಿಡಿದಿಡುವ ಸ್ನಾಯುಗಳನ್ನು, ಭುಜದ ಹಗ್ಗಗಳನ್ನು ನಿಧಾನವಾಗಿ ಬಲಪಡಿಸಿದಾಗ. ಅದಕ್ಕೆ ಎಂಟು, ಹನ್ನೆರಡು ವಾರ ಬೇಕು, ಮನೆಯಲ್ಲಿ ದಿನಾ ಮಾಡಬೇಕು. ಇನ್ನು ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳುವುದನ್ನು ಈ ಹಂತದಲ್ಲಿ ಖಂಡಿತ ಬೇಡ ಅನ್ನುತ್ತೇನೆ, ಉರಿಯುತ್ತಿರುವ ಬರ್ಸಾದ ಮೇಲೆ ಹೆಬ್ಬೆರಳು ಒತ್ತಿದ ಹಾಗೆ.

ಎಲ್ಲಿ ಮಾಡಿಸಬೇಕು ಎಂಬ ಬಗ್ಗೆ ನಾನು ಹೆಸರು ಹೇಳುವುದಿಲ್ಲ, ಕೇಳಬೇಕಾದ ಪ್ರಶ್ನೆ ಹೇಳುತ್ತೇನೆ. "ನೀವು ಇದನ್ನು ತಿಂಗಳಿಗೆ ಎಷ್ಟು ಮಾಡುತ್ತೀರಿ?" "ಸ್ಕ್ಯಾನ್ ನೋಡಿಕೊಂಡೇ ಮಾಡುತ್ತೀರಾ, ಅಂದಾಜಿನ ಮೇಲೆ ಚುಚ್ಚುತ್ತೀರಾ?" ಎರಡನೆಯದಕ್ಕೆ ಅಂದಾಜು ಎಂಬ ಉತ್ತರ ಬಂದರೆ ಎದ್ದು ಬನ್ನಿ. ಬೆಂಗಳೂರಿನಲ್ಲಿ ಇದನ್ನು ಹೆಚ್ಚಾಗಿ ದೊಡ್ಡ ಆಸ್ಪತ್ರೆಯ ರೇಡಿಯಾಲಜಿ ವಿಭಾಗಕ್ಕೇ ಕಳಿಸುತ್ತಾರೆ, ಮೂಳೆ ಡಾಕ್ಟರ ಸಣ್ಣ ಕ್ಲಿನಿಕ್ಕಿನಲ್ಲಿ ಅಲ್ಟ್ರಾಸೌಂಡ್ ಯಂತ್ರ ಅಪರೂಪ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಭುಜ ನೋಡುವ ಯಂತ್ರವನ್ನೂ ನೋಂದಾಯಿಸಲೇಬೇಕು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ "ಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ಕಂಡರೆ ತಪ್ಪಾದ ಕಡೆ ಬಂದೆನೆಂದು ಗಾಬರಿಯಾಗಬೇಡಿ. ವಿಮೆ ಇದ್ದರೆ, ಒಂದು ರಾತ್ರಿಯೂ ದಾಖಲಾಗದ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಭುಜಕ್ಕೆ ಸಂಬಂಧವಿಲ್ಲದಿದ್ದರೂ ನಿಮಗೆ ಬೇಕಾದ್ದು. ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಾಲ್ಕು ಗಂಟೆಯಾದರೂ ಅಂತರವಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ ಎಂದು ಇಟ್ಟುಕೊಳ್ಳಿ.

ಈಗ ದಸರಾ ರಜೆಯ ಲೆಕ್ಕ. ಹೊಸ ಎಕ್ಸ್-ರೇಯಲ್ಲಿ ಗಂಟು ಮೊದಲಿನಂತೆಯೇ ಗಟ್ಟಿಯಾಗಿ ಕೂತಿದ್ದರೆ ಅವಸರವಿಲ್ಲ. ಮೊದಲು ನೋವಿಗೆ ಬೇರೆ ಕಾರಣವಿದೆಯೇ, ಭುಜ ಬಿಗಿದಿದೆಯೇ, ಕುತ್ತಿಗೆಯಿಂದ ಬರುತ್ತಿದೆಯೇ ಎಂದು ನೋಡಿಸಿ, ಸರಿಯಾದ ವ್ಯಾಯಾಮ ಶುರು ಮಾಡಿ. ರಜೆಯ ಹೊತ್ತಿಗೂ ಹೀಗೇ ಇದ್ದರೆ ಸೂಜಿ ಹಾಕಿಸಿ, ಎರಡು ವಾರದ ಬಿಡುವು ಅದಕ್ಕೆ ಹೇಳಿ ಮಾಡಿಸಿದಂತಿದೆ. ಗಂಟು ಮಬ್ಬಾಗಿ ಚದುರಿದ್ದರೆ ಅದು ಹೋಗುತ್ತಿದೆ. ಆಗ ಐಸ್, ನಿಮ್ಮ ಹೊಟ್ಟೆ ಕಿಡ್ನಿ ನೋಡಿಕೊಂಡು ಡಾಕ್ಟರು ಬರೆದ ನೋವಿನ ಮಾತ್ರೆ, ತಡೆಯಲಾಗದಿದ್ದರೆ ಸ್ಕ್ಯಾನ್ ನೋಡಿಕೊಂಡು ಬರ್ಸಾಕ್ಕೆ ಒಂದೇ ಒಂದು ಸ್ಟೀರಾಯ್ಡ್ ಚುಚ್ಚುಮದ್ದು. ಅದಕ್ಕೂ ಬಗ್ಗದಿದ್ದರೆ ರಜೆಗೆ ಕಾಯಬೇಡಿ, ಮೆತ್ತಗಿರುವಾಗಲೇ ತೊಳೆಸಿ. ರಾತ್ರಿ ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿ, ಬಲ ಮೊಣಕೈ ಕೆಳಗೆ ಇನ್ನೊಂದು ಸಣ್ಣ ದಿಂಬಿಟ್ಟುಕೊಂಡರೆ ಸ್ವಲ್ಪವಾದರೂ ಕಣ್ಣು ಮುಚ್ಚಬಹುದು. ತರಗತಿಯಲ್ಲಿ ಸದ್ಯಕ್ಕೆ ಬೋರ್ಡಿನ ಕೆಳಗಿನ ಅರ್ಧ ನಿಮಗಿರಲಿ, ಮೇಲಿನ ಅರ್ಧದ ಲೆಕ್ಕ ಬಿಡಿಸಲು ಮಕ್ಕಳನ್ನೇ ಕರೆಯಿರಿ.